ಅಕ್ಕನ ಡಯಲಿನ ಕೆಂಪು ದೀಪ

ಅಕ್ಕನಿಗಾಗಿ ಮಾಡಿದ ಡಯಲಿಗೆ ನಾನು ಹಿತ್ತಾಳೆ ಬಣ್ಣದ ಚೌಕಟ್ಟು ಹಾಕಿದ್ದೆ. ಅದು ಕಂಪ್ಯೂಟರಿನ ಪರದೆಯ ಮೇಲಿನ ಹಿತ್ತಾಳೆ. ಆದರೂ ಒಂದು ಇಡೀ ರವಿವಾರ ಕೂತು ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯ ಹೊಳಪು ತಂದಿದ್ದೆ. ಒಳಗೆ ಬಿಳಿ ಮುಖ, ಕನ್ನಡ ಅಂಕಿ, ಕರಿ ಮುಳ್ಳು. ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಆ ಮುಳ್ಳು ತೋರಿಸುತ್ತಿತ್ತು. ಐವತ್ತರವರೆಗೆ ಹಸಿರು, ಅರವತ್ತೈದರವರೆಗೆ ಹಳದಿ, ಅದರಾಚೆ ಕೆಂಪು. ಮುಳ್ಳು ಕೆಂಪಿಗೆ ಹೋದರೆ ಡಯಲಿನ ಕೆಳಗಿದ್ದ ಸಣ್ಣ ದೀಪ ಮಿಣುಕುತ್ತಿತ್ತು. ಯಾದಗಿರಿಯಲ್ಲಿ ಅಕ್ಕ ದಿನಾ ಸಂಜೆ ತನ್ನ ಫೋನಿನಲ್ಲಿ ಅದನ್ನು ನೋಡುತ್ತಿದ್ದಳು. ನೋಡಿ, ಶಹಾಪುರದ ನನ್ನ ಮನೆಗೆ ಬಂದು ಇರಬಹುದೋ ಇಲ್ಲವೋ ಎಂದು ಯೋಚಿಸುತ್ತಿದ್ದಳು.

ಅಕ್ಕನಿಗೆ ದಮ್ಮು, ಉಬ್ಬಸದ ರೋಗ. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿಲ್ಲ. ಯಾದಗಿರಿಯಲ್ಲಿ ಅವಳ ಬಾಡಿಗೆ ಖೋಲಿ ಒಂದು ಅಕ್ಕಿ ಗಿರಣಿಯ ಹಿಂದೆ ಇತ್ತು. ಅವಳು ಅಲ್ಲಿಗೆ ಹೋದಾಗ ಆ ಜಾಗದಲ್ಲಿ ಜಾಲಿ ಬೆಳೆದ ಬಯಲಿತ್ತು. ಕಾಲುವೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಮೇಲೆ ಗಿರಣಿ ಬಂತು. ಗಿರಣಿಯ ಕೊಳವೆಯಿಂದ ಸುಟ್ಟ ಹೊಟ್ಟಿನ ಬೂದಿ ಹಾರಿ ಬಂದು ಅವಳ ಒಣಹಾಕಿದ ಸೀರೆಯ ಮೇಲೆ, ಮುಚ್ಚದ ಪಾತ್ರೆಯ ಮೇಲೆ, ಅವಳ ಎದೆಯೊಳಗೆ ಕೂರುತ್ತಿತ್ತು. ಡಾಕ್ಟರು ಜಾಗ ಬದಲಿಸಿರಿ ಎಂದಿದ್ದರು. ಅವಳಿಗೆ ಹೋಗಲು ಇದ್ದ ಜಾಗ ನನ್ನ ಮನೆ. ನನ್ನ ಮನೆಯಲ್ಲಿ ಹೆಚ್ಚುವರಿ ಖೋಲಿ ಒಂದೇ ಒಂದು. ಮಗಳು ಮದುವೆಯಾಗಿ ಸುರಪುರಕ್ಕೆ ಹೋದ ಮೇಲೆ ಖಾಲಿಯಾದದ್ದು. ಖಾಲಿಯಾದ ವಾರದಲ್ಲೇ ನಾನು ಅದರೊಳಗೆ ಕಂಪ್ಯೂಟರು, ಪುಸ್ತಕ, ತಂತಿಗಳ ಸಮೇತ ಸೇರಿಕೊಂಡಿದ್ದೆ.

ಈ ಎರಡು ಸಂಗತಿಗಳನ್ನು ಹೀಗೆ ಒಂದರ ಪಕ್ಕ ಒಂದು ಬರೆದ ಕೂಡಲೇ ಓದುವವರಿಗೆ ಎಲ್ಲ ತಿಳಿದುಬಿಡುತ್ತದೆ. ನನಗೆ ಆಗ ಇವು ಒಂದರ ಪಕ್ಕ ಒಂದು ಇರಲಿಲ್ಲ. ಅಥವಾ ಇರಲಿಲ್ಲ ಎಂದು ಈಗ ನೆನಪು ಹೇಳುತ್ತಿದೆ. ನನ್ನ ನೆನಪಿನ ಮೇಲೆ ನನಗೆ ಅಂಥ ವಿಶ್ವಾಸವೇನೂ ಇಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ.

ನಾನು ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದೆ, ಕತೆಗಳನ್ನೂ ಬರೆಯುತ್ತಿದ್ದೆ. ಆದಿ, ಮಧ್ಯ, ಅಂತ್ಯ ಇರುವ ಕತೆ ಕಂಡರೆ ನನಗಾಗುತ್ತಿರಲಿಲ್ಲ. ಮಾಳಗಿಯ ಮೇಲೆ ಹವಾಮಾನ ಯಂತ್ರ ಕೂರಿಸಿದ್ದೂ ಕತೆಗಾಗಿಯೇ. ಒಂದು ಕಂಬ, ಅದರ ತುದಿಗೆ ಗಾಳಿಗೆ ತಿರುಗುವ ಮೂರು ಬಟ್ಟಲು, ಕೆಳಗೆ ತಟ್ಟೆಯ ಮೇಲೆ ತಟ್ಟೆ ಮಗುಚಿಟ್ಟಂಥ ಬಿಳಿಯ ಗೂಡು. ಬಿಸಿಯನ್ನೂ ತೇವವನ್ನೂ ಅಳೆಯುವುದು ಆ ಗೂಡಿನೊಳಗೆ. ಅದು ಅಳೆದದ್ದು ಕೆಳಗಿನ ಖೋಲಿಯ ಕಂಪ್ಯೂಟರಿಗೆ ಬಂದು, ಕೆಲವು ಸೆಕೆಂಡಿಗೊಮ್ಮೆ ನನ್ನ ವೆಬ್‌ಸೈಟಿನ ಡಯಲುಗಳ ಮುಳ್ಳು ಅಲುಗಾಡುತ್ತಿತ್ತು. ಆ ಪುಟದಲ್ಲಿ ನನ್ನದೊಂದು ಕತೆ ಹಾಕಿದ್ದೆ. ಗಾಳಿ ಮೂಡಣದಿಂದ ಬೀಸಿದರೆ ಕತೆಗೆ ಒಂದು ಕೊನೆ, ಪಡುವಣದಿಂದ ಬೀಸಿದರೆ ಇನ್ನೊಂದು. ಕತೆಯನ್ನು ಯಾರೂ ಓದಲಿಲ್ಲ. ಹೀಗಾಗಿ ಅದರ ಕೊನೆ ಬದಲಾಗುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

ಡಯಲುಗಳನ್ನು ಮಾತ್ರ ಜನ ನೋಡಿದರು. ಮೊದಲಿಗೆ ಅವು ಎಲ್ಲರ ಪುಟಗಳಲ್ಲೂ ಇರುವಂಥ ಉಕ್ಕಿನ ಬಣ್ಣದ, ಇಂಗ್ಲಿಷ್ ಅಂಕಿಯ ಡಯಲುಗಳು. ಅವುಗಳ ಹಿಂದಿನ ಕೋಡಿನ ಕಡತ ತೆರೆದು ಒಂದೊಂದೇ ಸಾಲು ತಿದ್ದುತ್ತಾ ಹೋದೆ. ಒಂದು ಅಲ್ಪವಿರಾಮ ತಪ್ಪಿದರೆ ಎಲ್ಲ ಮುಳ್ಳುಗಳೂ ಸೊನ್ನೆಗೆ ಬಿದ್ದು ಮಲಗುತ್ತಿದ್ದವು. ಹುಡುಕಿ ಸರಿಪಡಿಸಿದ ಮೇಲೆ ಒಟ್ಟಿಗೆ ಎದ್ದು ನಡುಗುತ್ತಾ ತಮ್ಮ ತಮ್ಮ ಜಾಗಕ್ಕೆ ಬರುತ್ತಿದ್ದವು. ಆ ಒಂದು ಗಳಿಗೆಗಾಗಿ ಎಷ್ಟೋ ಸಲ ಬೇಕೆಂದೇ ತಪ್ಪು ಮಾಡಿದ್ದೇನೆ. ದಿಕ್ಕುಗಳಿಗೆ ಮೂಡಣ, ಪಡುವಣ, ಬಡಗಣ, ತೆಂಕಣ ಎಂದು ಬರೆದೆ. ಬಿಸಿಲಿನ ಡಯಲಿನ ಹಿನ್ನೆಲೆಗೆ ಫರಸಿ ಹಾಸುಗಲ್ಲಿನ ನೀಲಿ ಕೊಟ್ಟೆ. ನಮ್ಮ ಮಾಳಗಿಯೂ ಅದೇ ಕಲ್ಲಿನದು. ಕಾಲೇಜಿನಲ್ಲಿ ಸಹೋದ್ಯೋಗಿಗಳು "ಸರ್, ಇವತ್ತ ಮುಳ್ಳ ಎಲ್ಲಿಗದ?" ಎಂದು ಕೇಳುತ್ತಿದ್ದರು. ಕತೆಗಳಿಂದ ಸಿಗದಿದ್ದದ್ದು ಮುಳ್ಳಿನಿಂದ ಸಿಕ್ಕಿತ್ತು.

ಅಕ್ಕ ಫೋನು ಮಾಡಿದ್ದು ಆ ದಿನಗಳಲ್ಲಿ.

"ತಮ್ಮಾ, ಡಾಕ್ಟರ್ ಧೂಳೂ ಬ್ಯಾಡ, ಥಂಡಿ ಹವಾನೂ ಬ್ಯಾಡ ಅಂದಾರ. ನಿಮ್ಮೂರಾಗ ಹವಾ ಹ್ಯಾಂಗದ?"

"ಒಣಾನೇ ಅದ ಅಕ್ಕಾ."

"ಒಣಾ ಅಂದ್ರ ಎಷ್ಟು ಒಣಾ? ಮಾಳಗಿ ಮ್ಯಾಲ ಬಟ್ಟಲಾ ತಿರಗಸ್ತಿಯಲ್ಲ, ಅದನ್ನ ಕೇಳಿ ಹೇಳು. ನಿನ್ನ ಮಾತು ಬ್ಯಾಡ. ನಿನ್ನ ಮಾತಿಗಿ ತೆಳಗ ಮ್ಯಾಲ ಇಲ್ಲ."

ಅವಳಿಗಾಗಿಯೇ ಒಂದು ಡಯಲು ಮಾಡುತ್ತೇನೆ ಎಂದೆ. ಎಷ್ಟು ತೇವವಾದರೆ ಉಸಿರು ಹಿಡಿಯುತ್ತದೆ ಎಂದು ಅವಳನ್ನೇ ಕೇಳಿದೆ. ಅವಳು ಡಾಕ್ಟರನ್ನು ಕೇಳಿ, ತನ್ನ ಅನುಭವವನ್ನೂ ಸೇರಿಸಿ ಹೇಳಿದಳು. ಅದರಂತೆ ಹಸಿರು, ಹಳದಿ, ಕೆಂಪು ಎಂದು ಭಾಗ ಮಾಡಿದೆ. ದೀಪ ಇಟ್ಟದ್ದು ನನ್ನ ಸ್ವಂತ ಯೋಚನೆ. ಕನ್ನಡಕ ಇಲ್ಲದಾಗಲೂ ಅವಳಿಗೆ ಕಾಣಲಿ ಎಂದು. ಇದನ್ನು ಪ್ರೀತಿಯಿಂದಲೇ ಮಾಡಿದೆ. ಇಷ್ಟು ಮಾತ್ರ ಖಾತ್ರಿಯಾಗಿ ಹೇಳಬಲ್ಲೆ. ಆಮೇಲಿನದು ಯಾವುದೂ ಖಾತ್ರಿಯಿಲ್ಲ.

ಹಗಲೆಲ್ಲ ಮುಳ್ಳು ಹಸಿರಿನಲ್ಲಿ ಇರುತ್ತಿತ್ತು. ಬಿಸಿಲುಗಾಲದ ನಡುಮಧ್ಯಾಹ್ನ ಇಪ್ಪತ್ತರ ಕೆಳಕ್ಕೇ ಬಂದು ನಿಲ್ಲುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಸರನೆ ಏರಿ ಹಳದಿ ದಾಟಿ ಕೆಂಪಿಗೆ ಹೋಗಿ ಕೂರುತ್ತಿತ್ತು. ಊಟದ ಹೊತ್ತಿಗೆ ಮತ್ತೆ ಇಳಿಯುತ್ತಿತ್ತು. ಮಳೆಯಿಲ್ಲ, ಮೋಡವಿಲ್ಲ. ಒಂದು ದಿನ ಬಂದುಹೋಗುವ ಚಮತ್ಕಾರವೂ ಅಲ್ಲ, ದಿನಾ ಹೀಗೆಯೇ.

ಫೋನು ಬರುತ್ತಿತ್ತು. "ಏ ತಮ್ಮಾ, ದೀಪ ಹತ್ತಿತು ನೋಡು."

"ಹತ್ತತದ ಅಕ್ಕಾ. ಸಂಜಿಗಿ ಭತ್ತದ ಗದ್ದಿ ಕಡಿಂದ ಗಾಳಿ ಬರ್ತದ. ಕಾಲುವಿ ಗಾಳಿ."

"ಮತ್ತ ನೀವೆಲ್ಲಾ ಹ್ಯಾಂಗ ಅದೀರಿ?"

"ನಮಗೇನು ದಮ್ಮದ ಏನು?"

ಅವಳು "ಅದೂ ಖರೇನೇ" ಎಂದು ಫೋನು ಇಟ್ಟಳು. ನಾನು ಆ ಮಾತನ್ನು ಎಷ್ಟು ಸಲೀಸಾಗಿ ಹೇಳಿದೆ ಎನ್ನುವುದು ಈಗಲೂ ಕಿವಿಯಲ್ಲಿದೆ. ಪಾಠ ಮಾಡಿ ಪಳಗಿದ ದನಿ, ಪ್ರಶ್ನೆ ಕೇಳಿದವರನ್ನು ಕೂರಿಸಿಬಿಡುವ ದನಿ ಅದು.

ಕಾಲುವೆ ಗಾಳಿ ನನ್ನದೇ ಸಿದ್ಧಾಂತ. ಅದರ ಬಗ್ಗೆ ವೆಬ್‌ಸೈಟಿನಲ್ಲಿ ಒಂದು ಉದ್ದನೆಯ ಟಿಪ್ಪಣಿ ಬರೆದೆ. ನಾರಾಯಣಪುರದಿಂದ ನೀರು ಬಂದ ಮೇಲೆ ಈ ಸೀಮೆಯ ಸಂಜೆಗಳೇ ಬದಲಾಗಿವೆ, ಒಣನೆಲದ ಜನ ತಮಗರಿವಿಲ್ಲದೆಯೇ ತೇವದ ಜನರಾಗುತ್ತಿದ್ದಾರೆ ಎಂದೆಲ್ಲ. ಅದಕ್ಕೆ ಪುರಾವೆಯೂ ಸಿಕ್ಕಿತು. ಬಿಸಿಲುಗಾಲದ ನಡುವೆ ಕಾಲುವೆ ಬಂದ್ ಮಾಡುತ್ತಾರೆ. ಬಂದ್ ಮಾಡಿದ ಮೇಲೆ ನೋಡಿದರೆ, ಕೆಲವು ದಿನಗಳಲ್ಲೇ ಸಂಜೆಯ ಮುಳ್ಳು ಏರುವುದು ನಿಂತುಹೋಯಿತು. ಮತ್ತೆ ನೀರು ಬಿಟ್ಟ ಮೇಲೆ ಏರತೊಡಗಿತು. ಇದಕ್ಕಿಂತ ಏನು ಬೇಕು? ಕಾಲುವೆ ಬಂದಾದ ದಿನಗಳಲ್ಲಿ ಅಕ್ಕ ಫೋನು ಮಾಡಿ "ಈಗ ಹಸರದಲ್ಲೋ, ಬರ್ಲೇನು?" ಎಂದಳು. "ಇದು ನಾಕು ದಿನದ ಮಾತು. ನೀರು ಬಿಟ್ಟರ ಮತ್ತ ಅದಾ" ಎಂದೆ. ನಾನು ಹೇಳಿದಂತೆಯೇ ಆಯಿತು. ನನಗೆ ಗೆದ್ದಂತೆ ಅನಿಸಿತು. ಅವಳ ಎದುರು ಗೆಲ್ಲುವುದೇನಿತ್ತೋ.

ಹೀಗೆ ಒಂದು ಬಿಸಿಲುಗಾಲ ಕಳೆಯಿತು, ನಡುವೆ ಅವಳಿಗಾಗದ ಮಳೆ, ಥಂಡಿ ಬಂದುಹೋದವು, ಇನ್ನೊಂದು ಬಿಸಿಲುಗಾಲವೂ ಕಳೆಯಿತು. ಅಕ್ಕ ಗಿರಣಿಯ ಹಿಂದೆಯೇ ಉಳಿದಳು. ಕಿಟಕಿಗೆ ಒದ್ದೆ ಸೀರೆ ಕಟ್ಟಿಕೊಂಡು ಮಲಗುತ್ತೇನೆ ಎಂದಿದ್ದಳು.

ಅವಳು ನಮ್ಮ ಮನೆಗೆ ಬಂದದ್ದು ಮೂರನೆಯ ಬಿಸಿಲುಗಾಲದ ಮೊದಲಿಗೆ, ಯುಗಾದಿಗೆ ಇನ್ನೂ ದಿನವಿದ್ದಾಗ. ಇರಲು ಬಂದದ್ದಲ್ಲ. ಹುಣಸಗಿಯಲ್ಲಿ ಗಂಡನ ಮನೆಯ ಕಡೆಯ ಮದುವೆ ಇತ್ತು, ದಾರಿಯಲ್ಲಿ ಒಂದು ರಾತ್ರಿ ತಂಗಲು ಇಳಿದಳು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಾಗ ಎರಡು ಕಡೆ ನಿಂತಳು. ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಗುಡ್ಡದ ಕಡೆ ಕೈ ತೋರಿಸಿ, "ಅವನ ನೋಡು, ಎಷ್ಟು ಆರಾಮ ಉಸರಾಡಾಕತ್ತಾನ" ಎಂದಳು. ಅವಳ ಕುಪ್ಪಸದೊಳಗಿಂದ ಸಿಳ್ಳೆಯಂಥ ಸಪ್ಪಳ ನನಗೆ ಕೇಳಿಸುತ್ತಿತ್ತು.

ನನ್ನ ಹೆಂಡತಿಗೆ ಡಯಲಿನ ವಿಷಯ ಗೊತ್ತಿರಲಿಲ್ಲ. ಆ ಪುಟವನ್ನು ಅವಳು ಒಮ್ಮೆಯೂ ತೆರೆದವಳಲ್ಲ. ಹವೆ ಹೇಗಿದೆ ಎಂದು ತಿಳಿಯಬೇಕಾದರೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಅಕ್ಕ ಯಾಕೆ ಬಂದು ಇರುತ್ತಿಲ್ಲ ಎಂದು ಅವಳು ಕೇಳಿದಾಗಲೆಲ್ಲ, ಡಾಕ್ಟರು ಇಲ್ಲಿಯ ಹವೆ ಬೇಡ ಎಂದಿದ್ದಾರೆ ಎಂದು ನಾನು ಹೇಳಿದ್ದೆ. ಡಾಕ್ಟರು ಹಾಗೆ ಹೇಳಿರಲಿಲ್ಲ. ಹೇಳಿದ್ದು ನನ್ನ ಡಯಲು.

ಸಂಜೆ ಮೂವರೂ ಮಾಳಗಿಗೆ ಹೋದೆವು. ಬಿಸಿಲುಗಾಲದಲ್ಲಿ ನಮ್ಮ ಕಡೆ ಯಾರೂ ಮನೆಯೊಳಗೆ ಮಲಗುವುದಿಲ್ಲ. ಆದರೆ ಹಗಲೆಲ್ಲ ಕಾದ ಫರಸಿ ಕಲ್ಲಿನ ಮೇಲೆ ಹಾಗೆಯೇ ಮಲಗಲೂ ಆಗುವುದಿಲ್ಲ. ಅದಕ್ಕೆ ಹೊತ್ತು ಮುಳುಗುವಾಗ ಮಾಳಗಿಗೆ ನೀರು ಹೊಡೆಯುತ್ತಾರೆ. ನಾವು ಸಣ್ಣವರಿದ್ದಾಗ ಕುಡಿಯುವುದಕ್ಕೇ ನೀರಿರಲಿಲ್ಲ, ಮಾಳಗಿಗೆ ಹೊಡೆಯುವವರು ಯಾರು? ಬಿಸಿಕಲ್ಲಿನ ಮೇಲೆ ಎರಡು ಕೌದಿ ಹಾಸಿ, ಮಗ್ಗಲು ಬದಲಿಸುತ್ತಾ ಮಲಗುತ್ತಿದ್ದೆವು. ಈಗ ನಮ್ಮ ಓಣಿಯ ನಳದಲ್ಲಿ ಬರುವುದೂ ಕಾಲುವೆಯ ನೀರೇ. ಕಾಲುವೆ ತುಂಬಿದ್ದಾಗ ಓಣಿಯ ಎಲ್ಲ ಮಾಳಗಿಗಳ ಮೇಲೂ ಪೈಪು ಹಿಡಿದ ಹೆಂಗಸರು ಕಾಣುತ್ತಾರೆ. ಕಾಲುವೆ ಬಂದಾದಾಗ ನಳ ಸಣ್ಣಗಾಗುತ್ತದೆ, ಪೈಪು ಸುತ್ತಿ ಮೂಲೆಗಿಡುತ್ತಾರೆ.

ಅಕ್ಕ ಹೊರಸಿನ ಮೇಲೆ ಕೂತು ಏದುಸಿರು ಇಳಿಸಿಕೊಂಡಳು. ಆಮೇಲೆ ಫೋನು ತೆಗೆದಳು. ಯಂತ್ರದ ಕಂಬ ಅವಳಿಂದ ಮಾರು ದೂರದಲ್ಲಿ, ಕಟ್ಟೆಗೆ ಬಿಗಿದು ನಿಂತಿತ್ತು. "ಯಾದಗಿರ್ಯಾಗ ಕುಂತು ನೋಡೀನಿ, ಇವತ್ತ ಬಾಜೂ ಕುಂತು ನೋಡತೀನಿ" ಎಂದಳು. "ಹಸರದ. ಇನ್ನ ಬಂದಿಲ್ಲ ನಿನ್ನ ಗಾಳಿ."

ನನ್ನ ಹೆಂಡತಿ ನಳಕ್ಕೆ ಪೈಪು ಜೋಡಿಸಿ ನೀರು ಹೊಡೆಯಲು ಶುರುಮಾಡಿದಳು. ಮೊದಲ ನೀರು ಬಿದ್ದ ಕೂಡಲೇ ಕಲ್ಲು ಚುರ್ ಎಂದಿತು. ಬಿಸಿಕಲ್ಲಿನಿಂದ ಹಬೆ ಎದ್ದಿತು. ಅವಳು ಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತಾ ಕಂಬದ ಬುಡವನ್ನೂ ತೋಯಿಸಿದಳು. ಗೂಡಿನ ತಟ್ಟೆಗಳ ಮೇಲೂ ಒಂದಿಷ್ಟು ಹನಿ ಸಿಡಿಯಿತು.

"ಏ" ಎಂದಳು ಅಕ್ಕ.

ನಾನು ಪಡುವಣದ ಆಕಾಶ ನೋಡುತ್ತಿದ್ದೆ.

"ಏ ತಮ್ಮಾ, ಮುಳ್ಳ ಎದ್ದಿತು ನೋಡಿಲ್ಲೆ. ಐವತ್ತು ದಾಟ್ತು. ಹಳದಿಗಿ ಬಂತು." ಅವಳು ಒಮ್ಮೆ ಫೋನು, ಒಮ್ಮೆ ಪೈಪು ನೋಡಿದಳು. "ಏ ತಂಗಿ, ಒಂದೀಟು ಆ ಕಂಬದ ಕಡಿ ಹೊಡಿ."

"ಯಾಕ್ರಿ ಅಕ್ಕಾರ?"

"ಹೊಡಿ ಅಂತೀನಿ."

ಹೆಂಡತಿ ಹೊಡೆದಳು. ಫೋನಿನಲ್ಲಿ ದೀಪ ಮಿಣುಕಿತು.

"ಬಂತಪಾ, ಬಂತು!" ಅಕ್ಕ ತೊಡೆ ಚಪ್ಪರಿಸಿದಳು. "ಕಾಲುವಿ ಗಾಳಿ ಬಂತು! ಗದ್ದಿ ಕಡಿಂದ ಬರ್ತದಂತ. ನಿನ್ನ ಹೆಣ್ತಿ ಕೈಯಾಗಿಂದ ಬರಾಕತ್ತಾದಲ್ಲೋ!"

ಬಾಜೂ ಮಾಳಗಿಯ ಮೇಲೆ ನೀರು ಹೊಡೆಯುತ್ತಿದ್ದಾಕೆ ಕಟ್ಟೆಗೆ ಬಂದು ನಿಂತಳು. "ಏನಾತ್ರಿ ಅಕ್ಕಾರ?"

"ನಮ್ಮ ತಮ್ಮ ಮಾಳಗಿ ಮ್ಯಾಲ ಭತ್ತದ ಗದ್ದಿ ಮಾಡ್ಯಾನವ್ವಾ. ಬರ್ರಿ, ನಾಟಿ ಹಚ್ಚೂಣು."

ಆಕೆಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ನನ್ನ ಹೆಂಡತಿಗೂ ಅರ್ಥವಾಗಿರಲಿಲ್ಲ. ಅಕ್ಕ ಅವಳನ್ನು ಕರೆದು ಫೋನು ತೋರಿಸಿ, ಈ ಡಯಲು ಯಾವುದು, ಈ ದೀಪ ಯಾತರದು, ಇದನ್ನು ನೋಡಿ ತಾನು ಏನು ಅಂದುಕೊಂಡಿದ್ದೆ ಎಂಬುದೆಲ್ಲವನ್ನೂ ನಗುತ್ತಾ ಹೇಳಿದಳು. ನಗುವಿನ ನಡುವೆ ಕೆಮ್ಮು ಬಂತು, ಹೋಯಿತು. ಹೆಂಡತಿ ಪೈಪು ಕೆಳಗಿಟ್ಟಳು. ನೀರು ಅವಳ ಕಾಲ ಮೇಲೆಯೇ ಹರಿಯುತ್ತಿತ್ತು.

"ದಿನಾ ನಾನೇ ಹೊಡೀತೀನ್ರಿ ಅಕ್ಕಾರ. ಇವರಿಗಿ ಗೊತ್ತಿಲ್ಲೇನು? ಇವರ ಹಾಸಿಗಿ ಸಲುವಾಗೇ ಹೊಡಿಯೋದು."

ಅಕ್ಕನ ನಗು ಆಗ ನಿಂತಿತು. ನನ್ನ ಕಡೆ ತಿರುಗಿ, ಸಣ್ಣ ಮಕ್ಕಳನ್ನು ಕೇಳುವ ಹಾಗೆ ಮೆತ್ತಗೆ ಕೇಳಿದಳು. "ತಮ್ಮಾ, ನಿನಗ ಗೊತ್ತಿತ್ತೇನು?"

"ಇಲ್ಲ" ಎಂದೆ.

ಅದು ನಿಜ. ನಿಜವಿರಬೇಕು. ಮಾಳಗಿಗೆ ನೀರು ಹೊಡೆಯುವುದು ಗೊತ್ತಿತ್ತು. ಸಂಜೆ ಮುಳ್ಳು ಏರುವುದೂ ಗೊತ್ತಿತ್ತು. ಆ ಹೊತ್ತಿಗೆ ನಾನು ಯಾವಾಗಲೂ ಕೆಳಗೆ ಖೋಲಿಯಲ್ಲಿ ಪರದೆಯ ಎದುರು ಇರುತ್ತಿದ್ದೆ. ನೀರಿನ ಸಪ್ಪಳ ತಲೆಯ ಮೇಲೆ ಕೇಳುತ್ತಿತ್ತು, ಮುಳ್ಳು ಕಣ್ಣೆದುರು ಏರುತ್ತಿತ್ತು. ಎರಡನ್ನೂ ಜೋಡಿಸಲು ಕತ್ತೆತ್ತಿದರೆ ಸಾಕಿತ್ತು. ದಿನಾ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಆದರೆ ಇನ್ನೊಂದು ನೆನಪಿದೆ. ಮಾಳಗಿಯ ಮೇಲೆ ನಾನೊಬ್ಬನೇ ಇದ್ದೇನೆ, ಬಿಳಿ ಗೂಡಿನ ತಟ್ಟೆಗಳ ಮೇಲೆ ನೀರಿನ ಹನಿಗಳಿವೆ, ಟವೆಲ್ಲಿನಿಂದ ಒಂದೊಂದೇ ತಟ್ಟೆ ಒರೆಸುತ್ತಿದ್ದೇನೆ. ಕೆಂಪು ಅಂಚಿನ ಟವೆಲ್ಲು. ಅದು ಆ ಸಂಜೆಗಿಂತ ಮೊದಲೋ, ಅಥವಾ ಆ ಸಂಜೆಯೇ ಅವರಿಬ್ಬರೂ ಊಟಕ್ಕೆ ಕೆಳಗಿಳಿದ ಮೇಲೋ? ಆಮೇಲಾದರೆ ಏನೂ ಇಲ್ಲ. ಮೊದಲಾದರೆ, ನನಗೆ ಗೊತ್ತಿತ್ತು. ಕಾಲುವೆ ಗಾಳಿಯ ಟಿಪ್ಪಣಿ ಬರೆಯುವಾಗಲೂ ಗೊತ್ತಿತ್ತು, "ನಾಕು ದಿನದ ಮಾತು" ಎನ್ನುವಾಗಲೂ ಗೊತ್ತಿತ್ತು. ಯಂತ್ರವು ಪ್ರತಿ ಸಂಜೆಯ ಬಿಸಿ, ತೇವ, ಗಾಳಿಯನ್ನೆಲ್ಲ ಉಳಿಸಿಟ್ಟಿದೆ. ತಟ್ಟೆ ಒರೆಸಿದವನು ಯಾವಾಗ ಒರೆಸಿದ ಎಂಬುದನ್ನು ಉಳಿಸಿಟ್ಟಿಲ್ಲ. ಟವೆಲ್ಲು ಎಷ್ಟು ಹಳೆಯದು ಎಂದು ಹೆಂಡತಿಯನ್ನು ಕೇಳಬಹುದಿತ್ತು. ಇಲ್ಲಿಯವರೆಗೂ ಕೇಳಿಲ್ಲ.

ಅಕ್ಕ ನನ್ನ "ಇಲ್ಲ" ಕೇಳಿ ತಲೆ ಆಡಿಸಿದಳು. ನಂಬಿದಳೋ ಬಿಟ್ಟಳೋ, ಕೌದಿ ಹೊದ್ದು ಆ ಒದ್ದೆಯಾರಿದ ಕಲ್ಲಿನ ಮೇಲೆಯೇ ಮಲಗಿದಳು. ಬೆಳಗಿನವರೆಗೂ ದಮ್ಮು ಬರಲಿಲ್ಲ, ಗೊರಕೆ ಬಂತು. ಬೆಳಿಗ್ಗೆ ಎದ್ದು, "ಭಾಳ ದಿನದ ಮ್ಯಾಲ ನಿದ್ದಿ ಹತ್ತಿತವ್ವಾ" ಎಂದು ನನ್ನ ಹೆಂಡತಿಗೆ ಹೇಳಿದಳು. ನನಗೆ ಹೇಳಲಿಲ್ಲ.

ಹುಣಸಗಿ ಬಸ್ಸು ಹತ್ತಿಸಲು ಹೋದಾಗ ನಾನು, "ಮದವಿ ಮುಗಿಸಿಕೊಂಡು ಇಲ್ಲೇ ಬಂದುಬಿಡು. ನಿನ್ನ ಸಾಮಾನು ನಾ ತರಸ್ತೀನಿ" ಎಂದೆ.

ಅವಳು ಸೀಟು ಹಿಡಿದು ಕಿಟಕಿಯಿಂದ ನನ್ನನ್ನು ನೋಡಿದಳು.

"ಈಗ ಕರಿಯಾಕತ್ತಿ?"

"ಹೌದಕ್ಕಾ, ಖರೇನೇ ಕರೀತೀನಿ."

"ಖರೇನೇ ಕರಿಯಾಕತ್ತಿ, ಖರೆ. ನಾಚಿಕಿಗಿ ಕರಿಯಾಕತ್ತಿ. ನಾಚಿಕಿ ಇಳೀಲಿ, ಆಮ್ಯಾಲ ಕರಿ. ಆವಾಗ ಬರ್ತೀನಿ."

ಬಸ್ಸು ಹೊರಟಿತು. ಅಲ್ಲಿಯೇ ನಿಂತಿದ್ದ ಬಾಳೆಹಣ್ಣಿನವನು "ಅಕ್ಕಾರ ಭಾಳ ಬಿರುಸ ಅದಾರ್ರಿ ಸರ್" ಎಂದ. ನಾನು ಬೇಡದಿದ್ದರೂ ಬಾಳೆಹಣ್ಣು ತೆಗೆದುಕೊಂಡೆ.

ಮನೆಗೆ ಬಂದು ಮಾಡಿದ ಮೊದಲ ಕೆಲಸ, ಕಂಬ ಕಿತ್ತು ಹಿತ್ತಲಿನ ಬಯಲಿನಲ್ಲಿ, ನೀರು ಬೀಳದ ಕಡೆ ನೆಟ್ಟದ್ದು. ಎರಡನೆಯದು ವೆಬ್‌ಸೈಟಿನಲ್ಲಿ ತಿದ್ದುಪಡಿ ಬರೆಯಲು ಕೂತದ್ದು. ಮೊದಲ ಸಲ ಬರೆದದ್ದು ತಮಾಷೆಯಾಗಿತ್ತು, ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಜಾಣನ ಬರಹ. ಎರಡನೆಯ ಸಲ ತುಂಬ ಚೆನ್ನಾಗಿ ಬಂತು. ಕಾಲುವೆಯ ನೀರು ನಳದಿಂದ ಮಾಳಗಿಗೆ ಬಂದು ಹಬೆಯಾಗಿ ಏಳುತ್ತಿತ್ತು, ಆದ್ದರಿಂದ ಅದನ್ನು ಕಾಲುವೆ ಗಾಳಿ ಎಂದದ್ದು ಒಂದರ್ಥದಲ್ಲಿ ತಪ್ಪಲ್ಲ ಎಂದು ಕೂಡ ಬರೆದಿದ್ದೆ. ಓದಿ ನನಗೇ ಹೆಮ್ಮೆ ಎನಿಸಿತು. ಹೆಮ್ಮೆ ಎನಿಸಿದ್ದಕ್ಕೆ ಮುಖ ಬಿಸಿಯಾಯಿತು. ಎರಡನ್ನೂ ಅಳಿಸಿ, ಸಂಜೆಯ ತೇವಕ್ಕೆ ಕಾರಣ ನಮ್ಮ ಮಾಳಗಿಗೆ ಹೊಡೆಯುವ ನೀರು, ಮೇಲಿನ ಟಿಪ್ಪಣಿ ತಪ್ಪು ಎಂದು ಒಂದೇ ಸಾಲು ಹಾಕಿದೆ. ಯಾರೂ ಏನೂ ಕೇಳಲಿಲ್ಲ. ಕಾಲೇಜಿನಲ್ಲಿ ಒಬ್ಬರು, "ಸರ್, ನಿಮ್ಮ ಕಾಲುವಿ ಗಾಳಿ ಲೇಖ ಭಾಳ ಛಲೋ ಇತ್ತು" ಎಂದು ಅದಾದ ಮೇಲೂ ಹೇಳಿದರು. ಥ್ಯಾಂಕ್ಸ್ ಎಂದೆ.

ಹೊಸ ಜಾಗದಲ್ಲಿ ಅಕ್ಕನ ಡಯಲಿನ ಮುಳ್ಳು ಸಂಜೆಗಳಲ್ಲೂ ಹಸಿರು ಬಿಟ್ಟು ಅಲುಗಲಿಲ್ಲ. ಅವಳು ನೋಡುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ನಾಚಿಕೆ ಇಳಿದಿದೆಯೇ ಎಂದು ದಿನಾ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಇಳಿದಂತೆ ಅನಿಸಿ ಫೋನು ಕೈಗೆತ್ತಿಕೊಂಡರೆ, ಕರೆಯುವ ಮನಸ್ಸೂ ಅದರ ಜೊತೆಯೇ ಇಳಿದಿರುವುದು ತಿಳಿಯಿತು. ಖೋಲಿ ನೋಡಿದೆ. ಈ ಪುಸ್ತಕಗಳನ್ನೆಲ್ಲ ಎಲ್ಲಿಡುವುದು ಎಂಬ ಯೋಚನೆ ಬಂತು. ಫೋನು ಇಟ್ಟೆ. ಮತ್ತೆ ನಾಚಿಕೆಯಾಯಿತು. ಆಗ ಕರೆಯಬಹುದಿತ್ತು, ಆದರೆ ಅದು ನಾಚಿಕೆಯ ಕರೆಯಾಗುತ್ತಿತ್ತು. ಹೀಗೆ ಅವಳ ಮಾತನ್ನೇ ಹಿಡಿದು ನಾನು ಅವಳನ್ನು ಕರೆಯದೆ ಉಳಿದೆ.

ಮಳೆಗಾಲ ಬಂದು ಮುಳ್ಳು ಹಗಲಿರುಳೂ ಕೆಂಪಿನಲ್ಲಿ ನಿಂತಿತು. ಯಾರೂ ಹೊಡೆದ ನೀರಲ್ಲ, ಆಕಾಶದ್ದೇ ನೀರು. ನನಗೆ ಹಾಯೆನಿಸಿತು. ಈಗಂತೂ ಅವಳು ಬರುವಂತಿಲ್ಲ ಎಂದು ಮನಸ್ಸು ಅಂದದ್ದನ್ನು ನಾನು ಸ್ಪಷ್ಟವಾಗಿ ಕೇಳಿದೆ. ಟವೆಲ್ಲಿನ ನೆನಪಿನ ಬಗ್ಗೆ ಇರುವ ಅನುಮಾನ ಇದರ ಬಗ್ಗೆ ಇಲ್ಲ.

ಮಳೆ ನಿಂತು, ದಸರೆ ಕಳೆದು, ಹವೆ ಒಣಗುತ್ತಾ ಬಂದ ಒಂದು ಮುಂಜಾನೆ ಮನೆಯ ಮುಂದೆ ಆಟೋ ನಿಂತಿತು. ಅಕ್ಕ ಇಳಿದಳು. ಜೊತೆಗೆ ಒಂದು ಟ್ರಂಕು, ಒಂದು ಗಂಟು, ಹಗ್ಗ ಕಟ್ಟಿದ ಪಾತ್ರೆಯ ಚೀಲ.

"ಕರೀಲಿಲ್ಲ ನೀ" ಎಂದಳು. "ಕಾಯ್ದು ಕಾಯ್ದು ನಾನೇ ಬಂದೆ. ಅಲ್ಲಿ ಇನ್ನ ಇದ್ರ ಸಾಯ್ತೀನಿ. ಖೋಲಿ ಖಾಲಿ ಮಾಡೀಯೇನು?"

ಮಾಡಿರಲಿಲ್ಲ. ಅವಳನ್ನು ಟ್ರಂಕಿನ ಮೇಲೆ ಹೊರಗೆ ಕೂರಿಸಿ ಒಳಗೆ ಓಡಿದೆ. ಕಂಪ್ಯೂಟರಿನ ತಂತಿ ಕಿತ್ತೆ. ನನ್ನ ಎಲ್ಲ ಮುಳ್ಳುಗಳೂ ಆ ಕ್ಷಣ ಸೊನ್ನೆಗೆ ಬಿದ್ದಿರಬೇಕು, ಯಾರು ನೋಡಿದರು? ಹೆಂಡತಿ ಪುಸ್ತಕಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹೊರಕ್ಕೆ ಸಾಗಿಸಿದಳು. ಮೇಜು ಎಳೆದಾಗ ಅದರ ಹಿಂದೆ, ಗೋಡೆಯ ಅಂಚಿಗೆ, ಮಗಳು ಹೋದಂದಿನಿಂದ ಗುಡಿಸದ ಧೂಳು ಬೆರಳು ದಪ್ಪ ಬಿದ್ದಿತ್ತು. ನಾನು ಕಸಬರಿಗೆ ಹಾಕಿದೆ. ಧೂಳು ಎದ್ದು ಖೋಲಿ ತುಂಬಿ, ಪಡಸಾಲೆ ದಾಟಿ, ಬಾಗಿಲಿನಿಂದ ಹೊರಗೆ ಹೋಯಿತು.

ಅಕ್ಕ ಕೆಮ್ಮುತ್ತಾ ಎದ್ದು, ಮೂಗಿಗೆ ಸೆರಗು ಹಿಡಿದುಕೊಂಡು ರಸ್ತೆಗೆ ಇಳಿದು ನಿಂತಳು. ನಾನು ಕಿಟಕಿಯ ಸರಳಿನ ಒಳಗಿಂದ ನೋಡುತ್ತಿದ್ದೆ. ಬಾಜೂ ಮನೆಯಾಕೆ ಬಾಗಿಲಿಗೆ ಬಂದಳು.

"ಬಂದ್ರೇನ್ರಿ ಅಕ್ಕಾರ? ಎಷ್ಟು ದಿನ ಇರ್ತೀರಿ?"

ಅಕ್ಕ ಸೆರಗು ತೆಗೆಯದೆ, ನನ್ನ ಕಿಟಕಿಯ ಕಡೆ ಕೈ ತೋರಿಸಿದಳು. "ಅವನ್ನ ಕೇಳ್ರಿ."

ಆಕೆ ನನ್ನ ಕಡೆ ನೋಡಿದಳು. ನನ್ನ ಬಾಯಿ ತುಂಬ ಧೂಳಿತ್ತು. ಕೆಮ್ಮಿ, ಬಾಯಿ ಒರೆಸಿಕೊಂಡು, ಏನು ಹೇಳಬೇಕೆಂದು ಮಾತು ಕೂಡಿಸುತ್ತಿದ್ದೆ. ಅಷ್ಟರಲ್ಲಿ ಪುಸ್ತಕ ಹೊತ್ತು ಹೊರಬಂದ ನನ್ನ ಹೆಂಡತಿ ಹೊಸ್ತಿಲಲ್ಲೇ ನಿಂತು, "ಎಷ್ಟು ದಿನ ಏನ್ ಬಂತ್ರಿ, ಇಲ್ಲೇ ಇರ್ತಾರ" ಎಂದುಬಿಟ್ಟಳು.